ಶಿವಾರಪಟ್ಟಣದಲ್ಲಿ ಗುಟ್ಟಿನ ರಿಸರ್ಚು

ಮುರಳೀಕೃಷ್ಣನ ಫಜೀತಿಗೆ ಕಾರಣವಾದದ್ದು ಮೊಬೈಲಿಗೆ ಬಂದ ಒಂದೇ ಸಾಲು: "ಇಂಟರ್ನೆಟ್ಟಲ್ಲಿ ಹುಡುಕಿ ಕಳಿಸ್ಬೇಡಿ, ಹೋಗಿ ಜನರನ್ನ ಕೇಳಿ."

ಮುರಳಿ ವರ್ಚುವಲ್ ಅಸಿಸ್ಟೆಂಟ್. ಎಂದರೆ, ಮಾಲೂರಿನ ಮಹಡಿ ಕೋಣೆಯಲ್ಲಿ ಲುಂಗಿ ಉಟ್ಟು ಕುಳಿತು, ಮುಖವನ್ನೇ ಕಾಣದ ಸಾಹೇಬರುಗಳ ಟಿಕೆಟ್ಟು, ಮೀಟಿಂಗು ನೋಡಿಕೊಳ್ಳುವವನು. ರಿಸರ್ಚ್ ಕೆಲಸ ಸಿಕ್ಕಿದ್ದು ಇದೇ ಮೊದಲು. ಕೋಲಾರದ ಚಂದ್ರಮೋಹನ್ ಎಂಬ ಕ್ಲೈಂಟಿಗೆ ಶಿವಾರಪಟ್ಟಣದ ಶಿಲ್ಪಿ ವೆಂಕಟರಮಣಪ್ಪನವರ ಬಗ್ಗೆ ಪೂರ್ತಿ ವಿವರ ಬೇಕಿತ್ತು. "ದೊಡ್ಡ ಆರ್ಡರ್. ಮನುಷ್ಯ ನಂಬಿಕಸ್ತನಾ ನೋಡಿ. ನನ್ನ ಹೆಸರು ಮಾತ್ರ ಎತ್ಬೇಡಿ. ರಿಪೋರ್ಟ್ ಚೆನ್ನಾಗಿದ್ರೆ ವರ್ಷ ಪೂರ್ತಿ ಕೆಲ್ಸ ನಿಮಗೇ."

ವರ್ಷ ಪೂರ್ತಿ! ಮುರಳಿಯ ಎದೆ ತಮಟೆಯಾಯಿತು. ಲುಂಗಿ ಬಿಸಾಕಿ ಪ್ಯಾಂಟು ಏರಿಸಿ ಸ್ಕೂಟರ್ ಹತ್ತಿದ.

ಉಳಿಗಳ ಸದ್ದು ತುಂಬಿದ ಬೀದಿಯ ಬಾಯಲ್ಲೇ ದೊಡ್ಡಮುನಿಯಮ್ಮನ ಟೀ ಅಂಗಡಿ.

"ಅಮ್ಮಾ, ವೆಂಕಟರಮಣಪ್ಪನೋರು ಹೆಂಗೆ?"

"ಯಾಕಪ್ಪಾ?"

"ಸುಮ್ನೆ, ತಿಳ್ಕೊಳ್ಳೋಣ ಅಂತ. ಕೋಪ ಗೀಪ ಜಾಸ್ತಿನಾ? ಕುಡಿತ? ಸಾಲ?"

"ಅಬ್ಬೋ, ಅದೆಲ್ಲಾ ಇಲ್ಲ! ದೇವ್ರಂಥ ಮನ್ಷ."

"ಅವ್ರಾದ್ಮೇಲೆ ಕಸುಬು ನೋಡ್ಕೊಳ್ಳೋರು?"

"ಒಬ್ಳೇ ಮಗ್ಳು, ಮೇಘನ. ಉಳಿ ಹಿಡಿದ್ರೆ ಅಪ್ಪನ್ನೇ ಮೀರಿಸ್ತಾಳೆ."

"ಹೌದಾ? ಅವ್ರ ಬಗ್ಗೆ ಇನ್ನೂ ಸ್ವಲ್ಪ ಹೇಳಿ!"

ದೊಡ್ಡಮುನಿಯಮ್ಮನ ಕಣ್ಣುಗಳು ಕರೆಂಟು ಬಂದ ಬಲ್ಬಿನಂತೆ ಹತ್ತಿಕೊಂಡವು. ಟೀಗೆ ಇನ್ನೊಂದು ಚಮಚ ಸಕ್ಕರೆ ಬಿತ್ತು. "ನಿಂದ್ಯಾವೂರಪ್ಪಾ? ಮನೆ ಎಲ್ಲಿ? ಅಮ್ಮನ ಹೆಸ್ರೇನು?"

ನಾವು ಬಾಯಿ ಬಿಟ್ಟರೇ ಜನ ಬಾಯಿ ಬಿಡುವುದು ಎಂದುಕೊಂಡ ಮುರಳಿ ಅಮ್ಮನ ಫೋನ್ ನಂಬರಿನವರೆಗೆ ಎಲ್ಲವನ್ನೂ ಹೇಳಿದ.

ಅಲ್ಲಿಂದ ರಿಸರ್ಚು ತಾನಾಗಿಯೇ ಓಡತೊಡಗಿತು. ಒಂದೊಂದು ಶೆಡ್ಡಿನಿಂದಲೂ ಜನ ಕರೆದು ಕೂರಿಸಿದರು. "ಹುಡ್ಗಿ ಬಂಗಾರ ಕಣಪ್ಪಾ" ಎಂದರು. ಒಬ್ಬ ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎತ್ತರ ಸರಿಹೋಗುತ್ತೆ ಬಿಡು" ಎಂದರು. ಇಲ್ಲಿನ ಶಿಲ್ಪಿಗಳು ಅಳತೆಯಲ್ಲಿ ಬಲು ಪಕ್ಕಾ ಎಂದು ಮುರಳಿ ಗುರುತು ಹಾಕಿಕೊಂಡ.

ಅಷ್ಟರಲ್ಲಿ ತಾಯಿ ಆವಲಮ್ಮನ ಫೋನು. "ಲೋ, ಹೆಣ್ಣು ನೋಡೋಕೆ ಒಬ್ನೇ ಹೋಗಿದ್ದೀಯಂತೆ! ಹೆತ್ತೋಳು ನಾನಿನ್ನೂ ಬದ್ಕಿಲ್ವೇನೋ?"

"ಅಮ್ಮಾ, ಇದು ರಿಸರ್ಚು!"

"ಏನಾದ್ರೂ ಹೆಸ್ರಿಟ್ಕೋ. ಹುಡ್ಗಿ ಹೆಂಗವ್ಳೆ?"

ಉತ್ತರಿಸುವ ಮುಂಚೆಯೇ ವೆಂಕಟರಮಣಪ್ಪನವರು ಎದುರಿಗೆ ನಿಂತಿದ್ದರು. ಮೈತುಂಬ ಕಲ್ಲಿನ ಪುಡಿ. ಅರ್ಧ ಕೆತ್ತಿದ ಮೂರ್ತಿಯೇ ಎದ್ದು ಬಂದಂತಿತ್ತು.

"ಬೀದೀಲಿ ಯಾಕಪ್ಪಾ ಕೇಳ್ತೀಯಾ? ಮನೆಗೇ ಬಾ."

"ಸಾರ್, ನಾನು ಬೇರೆಯವ್ರ ಪರವಾಗಿ ಬಂದಿರೋದು..."

"ಯಾರ ಪರವಾಗಿ?"

ಹೆಸರು ಹೇಳುವಂತಿಲ್ಲ. ಮುರಳಿ ತಲೆ ತಗ್ಗಿಸಿ ಸುಮ್ಮನಾದ. ಆ ಮೌನವನ್ನು ಇಡೀ ಬೀದಿ ನಾಚಿಕೆ ಎಂದುಕೊಂಡಿತು.

ಮನೆಯಲ್ಲಿ ಕಾಫಿ ತಂದ ಮೇಘನ, ಬಂಡೆಯಲ್ಲಿ ಬಿರುಕು ಹುಡುಕುವವಳಂತೆ ಅವನನ್ನು ನೋಡಿದಳು. "ಇವ್ರಿಗೆ ಮಾತು ಬರಲ್ವೇನಪ್ಪಾ?"

ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿ, ಸುಟ್ಟ ನಾಲಗೆಯಲ್ಲಿ 'ಹೂಂ ಹೂಂ' ಎಂದೇನೋ ತೊದಲಿ ಮುರಳಿ ಓಡಿದ.

ಮನೆ ಸೇರಿದವನೇ ಮಹಡಿ ಹತ್ತಿ ರಿಪೋರ್ಟ್ ಕುಟ್ಟಿದ. ಇಂಥ ಮನೆತನ ತಾಲ್ಲೂಕಿನಲ್ಲೇ ಇಲ್ಲವೆಂದು ಬರೆದ. ಕೊನೆಗೆ, "ಯಾರಿಗೂ ಅನುಮಾನ ಬಾರದಂತೆ ವಿಚಾರಿಸಲಾಗಿದೆ" ಎಂದು ಸೇರಿಸಿ ಕಳಿಸಿದ.

ಚಂದ್ರಮೋಹನರ ಫೋನು ತಕ್ಷಣ ಬಂತು.

"ರಿಪೋರ್ಟ್ ಸೂಪರ್ ಕಣ್ರೀ! ಆದ್ರೆ ಏನ್ ಪ್ರಯೋಜನ? ನಿಜ ಹೇಳ್ತೀನಿ, ಆರ್ಡರ್ ಗೀರ್ಡರ್ ಏನಿಲ್ಲ. ಆ ಹುಡ್ಗೀನ ನನ್ ತಮ್ಮನಿಗೆ ಕೇಳೋಣ ಅಂತಿದ್ವಿ. ನಾವೇ ಹೋಗಿ ವಿಚಾರಿಸಿದ್ರೆ ಊರೆಲ್ಲಾ ಗುಲ್ಲಾಗುತ್ತೆ ಅಂತ ನಿಮ್ಮನ್ನ ಕಳಿಸ್ದೆ. ನೀವು ಗುಟ್ಟಾಗೇ ಮುಗಿಸಿದ್ರಿ. ಅಷ್ಟರಲ್ಲಿ ಯಾವನೋ ಮಾಲೂರಿನ ಹುಡುಗ ಬೀದಿಯೆಲ್ಲಾ ಸುತ್ತಿ, ಅವರ ಮನೇಲಿ ಕಾಫಿ ಕುಡಿದು, ಒಪ್ಪಿಗೆ ಕೊಟ್ಟು ಹೋದ್ನಂತೆ!"

ಮುರಳಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಅವನ್ಯಾರು ಅಂತ ಗೊತ್ತಾಗ್ಬೇಕು ನಂಗೆ. ಇನ್ನೊಬ್ಬ ಅಸಿಸ್ಟೆಂಟ್ ಹುಡ್ಗೀನೂ ಬಿಟ್ಟಿದ್ದೀನಿ. ಮೊದಲು ಯಾರು ಹೇಳ್ತಾರೋ ಅವ್ರಿಗೇ ವರ್ಷದ ಕೆಲ್ಸ. ಏನಂತೀರಾ?"

ಜಗತ್ತಿನಲ್ಲಿ ಆ ಉತ್ತರ ಮುರಳಿಯಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಕೆಳಗೆ ಬಾಗಿಲಲ್ಲಿ ಯಾರೋ ಅಪರಿಚಿತ ಹುಡುಗಿಯ ದನಿ. ಅದರ ಹಿಂದೆಯೇ ಆವಲಮ್ಮನ ಸಂಭ್ರಮ:

"ಹೂಂನಮ್ಮಾ, ಶಿವಾರಪಟ್ಟಣಕ್ಕೆ ಹೋಗಿದ್ದೋನು ನನ್ ಮಗನೇ! ಒಳಗ್ ಬಾ, ಕೂತ್ಕೊ. ಹೆಸರು ಬರ್ಕೊತೀಯಾ? ಬರ್ಕೊ ತಾಯಿ, ಮುರಳೀಕೃಷ್ಣ!"