ನನ್ನ ಪಾತ್ರಕ್ಕೆ ನನ್ನ ಹೆಂಡತಿಗೆ ಬಂದ ಬಹುಮಾನ

ಹುಕ್ಕೇರಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಹಾಸ್ಯ ನಾಟಕದಲ್ಲಿ ಮುಖ್ಯ ಪಾತ್ರ ನನ್ನದು ಎಂದು ನಾನು ಹೇಳಿಕೊಂಡರೆ ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಬಣ್ಣ ಹಚ್ಚಿದವನಲ್ಲ. ಶಾಲೆಯಲ್ಲಿದ್ದಾಗ ಒಮ್ಮೆ ದ್ವಾರಪಾಲಕನ ವೇಷ ಕೊಟ್ಟಿದ್ದರು. ಪರದೆ ಏಳುತ್ತಲೇ ಎದುರಿಗೆ ಕೂತ ಜನರನ್ನು ಕಂಡು, ಕೈಯಲ್ಲಿದ್ದ ಈಟಿಯನ್ನು ರಾಜನಿಗೇ ಒಪ್ಪಿಸಿ ಕೆಳಗಿಳಿದು ಬಂದಿದ್ದೆ. ಅಲ್ಲಿಗೆ ನನ್ನ ರಂಗಜೀವನ ಮುಗಿದಿತ್ತು. ಹಾಗಿದ್ದೂ ಈಗ ಗೋಕಾಕದಿಂದ ಮೂಡಲಗಿಯವರೆಗೆ ಜನ ನನ್ನ ನಡಿಗೆ ನೋಡಿ ನಗುತ್ತಾರೆ. ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ನೀಲಾ.

ನೀಲಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗೋಕಾಕದ ನಮ್ಮ ಓಣಿಯಲ್ಲಿ ಹೊಲಿಗೆ ಕ್ಲಾಸು ನಡೆಸುವ ಸಾವಕ್ಕ ಎನ್ನುವವರು ಐದು ಜನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಒಂದು ನಾಟಕದ ತಂಡ ಕಟ್ಟಿದರು. ನಾಟಕ ಬರೆಯುವವರು, ಕಲಿಸುವವರು, ಅಂಗಿ ಹೊಲಿಯುವವರು ಎಲ್ಲ ಅವರೇ. "ಹಿಂದ ಗಂಡಸ್ರು ಸೀರಿ ಉಟ್ಟು ನಮ್ಮ ಪಾರ್ಟು ಮಾಡ್ಯಾರ. ಈಗ ನಾವು ಧೋತರ ಉಟ್ಟು ಅವರ ಪಾರ್ಟು ಮಾಡೂಣು. ಯಾರದು ಛಂದ ಆಗ್ತೈತಿ ನೋಡೂಣು" ಎನ್ನುವುದು ಅವರ ವಾದ. ಐವರಲ್ಲಿ ಎತ್ತರದವಳಾದ್ದರಿಂದ ನೀಲಾಗೆ ಗಂಡನ ಪಾತ್ರ ಬಂತು. ನನಗೂ ಸಂತೋಷವೇ ಆಯಿತು. ಸಂಜೆ ಅವಳು ತಾಲೀಮಿಗೆ ಹೋದರೆ ನಾನು ಟಿ.ವಿ.ಯ ಧ್ವನಿ ಎಷ್ಟು ಬೇಕಾದರೂ ಏರಿಸಬಹುದಿತ್ತು.

ಆದರೆ ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನೀಲಾ ನನ್ನನ್ನು ನೋಡುತ್ತಿದ್ದಳು. ನಾನು ಚಹಾ ಕುಡಿಯುವಾಗ ನೋಡುತ್ತಿದ್ದಳು, ಚಸ್ಮಾ ಹುಡುಕುವಾಗ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಇಷ್ಟು ಕಣ್ಣು ತುಂಬ ನೋಡಿರಲಿಲ್ಲ. ದಡ್ಡನಾದ ನಾನು ಇದನ್ನು ಪ್ರೀತಿಯೆಂದೇ ತಿಳಿದೆ. ಮೀಸೆಗೆ ಬಣ್ಣ ಹಚ್ಚಿದೆ, ಮನೆಯಲ್ಲೂ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದೆ.

ಮೊದಲ ಪ್ರಯೋಗ ಮೂಡಲಗಿಯಲ್ಲಿ. ವ್ಯಾಪಾರಿಯೊಬ್ಬರು ತಮ್ಮ ಗೋದಾಮನ್ನು ಖಾಲಿ ಮಾಡಿ ಕೊಟ್ಟಿದ್ದರು. ಒಳಗೆ ಬೆಲ್ಲದ ವಾಸನೆ, ಮೇಲೆ ತಗಡು, ಎಂಟು ಹಲಗೆ ಜೋಡಿಸಿದ ರಂಗ. ಫ್ಯಾನುಗಳು ಎಷ್ಟು ಸದ್ದು ಮಾಡುತ್ತಿದ್ದವೆಂದರೆ ಮಾತು ಇದ್ದಾಗ ಅವನ್ನು ನಿಲ್ಲಿಸಬೇಕು, ದೃಶ್ಯ ಮುಗಿದ ಮೇಲೆ ಹಚ್ಚಬೇಕು. ದೊಡ್ಡ ಊರಿನ ದೊಡ್ಡ ರಂಗಮಂದಿರಗಳನ್ನು ನಾನೂ ನೋಡಿದ್ದೇನೆ. ಅಲ್ಲಿ ನಟನ ಮುಖ ಹುಡುಕುವುದರಲ್ಲೇ ಅರ್ಧ ನಾಟಕ ಮುಗಿದಿರುತ್ತದೆ. ನಮ್ಮ ಕಡೆಯ ಇಂಥ ಸಣ್ಣ ಜಾಗಗಳಲ್ಲಿ ನಟನ ಮೂಗಿನ ಮೇಲಿನ ಬೆವರೂ ಕಾಣುತ್ತದೆ, ಜನ ನಕ್ಕರೆ ಹಲಗೆ ಅದುರುತ್ತದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಭಿಮಾನ ಹೆಚ್ಚು.

ಪರದೆ ಎದ್ದಿತು. ಧೋತರ ಉಟ್ಟು, ಮೀಸೆ ಅಂಟಿಸಿಕೊಂಡು ಗಂಡ ಒಳಗೆ ಬಂದ. ನೋಡಿದರೆ ಅವನು ನಾನೇ! ಕೈಗಳೆರಡನ್ನೂ ಹಿಂದೆ ಕಟ್ಟಿಕೊಂಡು ತಪಾಸಣೆಗೆ ಬಂದ ಸಾಹೇಬನಂತೆ ನಡೆಯುವುದು ನನ್ನದೇ. ಕಪ್ಪಿನ ಚಹಾ ಬಸಿಗೆ ಸುರಿದು ಮೂರು ಸಲ ಊದಿ, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೀರ್ಪು ಕೊಡುವವನಂತೆ "ಹೂಂ" ಎನ್ನುವುದೂ ನನ್ನದೇ. ಹತ್ತರಗಿಗೆ ಹೊರಟ ಈ ಗಂಡ ಬಸ್ಸು ನಿಂತಲ್ಲೆಲ್ಲ ಇಳಿದು ಚೀಲ ಎಣಿಸುತ್ತಾನೆ. ಕೊನೆಗೆ ಹೆಂಡತಿಯನ್ನು ಬಸ್ಸಿನಲ್ಲೇ ಬಿಟ್ಟು ಚೀಲಗಳನ್ನಷ್ಟೇ ಇಳಿಸಿಕೊಂಡು, "ನಾ ಮೊದಲ ಹೇಳಿದ್ನಿಲ್ಲ?" ಎಂದು ಆ ಚೀಲಗಳನ್ನೇ ಬೈಯುತ್ತಾನೆ. ಏನೇ ಕೆಟ್ಟರೂ ಅವನದು ಅದೊಂದೇ ಮಾತು. ಪಕ್ಕದಲ್ಲಿ ಕೂತವರೊಬ್ಬರು ನಗು ತಡೆಯಲಾರದೆ ನನ್ನ ತೊಡೆಗೆ ಹೊಡೆದು, "ಇಂಥಾ ಗಂಡಸ್ರೂ ಇರ್ತಾರೇನ್ರಿ!" ಎಂದರು. "ಇರ್ತಾರ್ರಿ" ಎಂದೆ, ಮೆಲ್ಲಗೆ.

ಊರಿಗೆ ಮರಳುವಾಗ ನನಗೆ ನಿಜಕ್ಕೂ ನೋವಾಗಿತ್ತು. ಮರುದಿನದಿಂದಲೇ ಸುಧಾರಿಸಿಕೊಳ್ಳಲು ನಿರ್ಧರಿಸಿದೆ. ಚಹಾ ಕಪ್ಪಿನಲ್ಲೇ ಕುಡಿದೆ. ಚಸ್ಮಾಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಗ್ಯಾಸು ಇವತ್ತು ಮುಗಿಯುತ್ತದೆ ಎಂದು ನಾನು ಹೇಳಿದ ದಿನವೇ ಅದು ಮುಗಿದರೂ, ಗಂಟಲಿನವರೆಗೆ ಬಂದ ಮಾತನ್ನು ನುಂಗಿ, "ಇರಲಿ ಬಿಡು" ಎಂದೆ. ಆ ದಿನ ನನಗೆ ಊಟ ಸರಿಯಾಗಿ ಸೇರಲಿಲ್ಲ.

ಹೀಗೆ ಒಂದು ವಾರ ಕಳೆಯುವುದರಲ್ಲಿ ಸಾವಕ್ಕ ಮನೆಗೆ ಬಂದರು.

"ಸರ್, ನಿಮಗ ಕೈ ಮುಗೀತೇನಿ. ಮೊದಲಿನಂಗ ಇರ್ರಿ."

"ಯಾಕ್ರಿ, ಏನಾತು?"

"ನೀವು ಸುಧಾರಿಸಿದ ಮ್ಯಾಲ ಇಕಿ ಪಾರ್ಟು ಪೂರಾ ಕೆಟ್ಟೈತ್ರಿ. ನಿನ್ನಿ ತಾಲೀಮಿನ್ಯಾಗ ಚಹಾ ಕುಡದ್ರ ದವಾಖಾನಿಯೊಳಗ ಔಷಧ ಕುಡದಂಗ ಆತು. ಹುಕ್ಕೇರಿ ಸ್ಪರ್ಧೆಗೆ ಇನ್ನ ಹನ್ನೆರಡ ದಿನ ಐತಿ. ಇಷ್ಟು ದಿನ ಕೆಟ್ಟು ಇದ್ರಿ, ಇನ್ನ ಹನ್ನೆರಡ ದಿನ ಇರಾಕ ಏನ ತ್ರಾಸು?"

ನಾನು ನೀಲಾಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. "ನಿಮ್ಮನ್ನ ನಗಿಗೀಡು ಮಾಡಬೇಕಂತ ಮಾಡಿಲ್ರಿ" ಎಂದಳು. "ನನಗ ಪೂರ್ತಿ ಗೊತ್ತಿರೋ ಗಂಡಸು ನೀವೊಬ್ಬರ. ಇಷ್ಟು ವರ್ಷ ಸಾಲಿಯೊಳಗ ಮಕ್ಕಳಿಗೆ ಬಹುಮಾನ ಹಂಚೇನಿ. ನನಗ ಒಂದರೆ ಬರ್ತೈತೇನು ಅಂತ ಆಸೆ ಇತ್ತು. ಬ್ಯಾಡಂದ್ರ ಬಿಡ್ತೇನಿ."

ಅವಳಿಗೆ ಇಂಥದೊಂದು ಆಸೆ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. "ಒಂದು ಬಸಿ ತಾ" ಎಂದೆ.

ಆದರೆ ಕೆಟ್ಟು ಇರುವುದು ಸುಲಭವಲ್ಲ. ಮರುದಿನ ಸಾವಕ್ಕ ಇಡೀ ತಂಡವನ್ನೇ ಕರೆತಂದು ನಮ್ಮ ಪಡಸಾಲೆಯಲ್ಲಿ ಕೂಡಿಸಿದರು. ಐದು ಜೋಡಿ ಕಣ್ಣುಗಳ ಮುಂದೆ ನಾನು ಚಹಾ ಕುಡಿಯಬೇಕು. ಬಸಿಗೆ ಸುರಿದು ಊದಿದೆ. "ಸರ್, ಮೂರು ಸಲ ಊದ್ತಿದ್ರಿ. ಈಗ ಎರಡ ಆತು" ಎಂದು ಒಬ್ಬಾಕೆ ತಿದ್ದಿದಳು. ನನ್ನ ಹಳೆಯ ದ್ವಾರಪಾಲಕ ಮತ್ತೆ ಮೈಮೇಲೆ ಬಂದಿದ್ದ. ನಾಲ್ಕನೆಯ ದಿನ ಯಾರೋ ನನ್ನ ಚಸ್ಮಾ ಬಚ್ಚಿಟ್ಟರು. ನಾನು ಎಲ್ಲ ಮರೆತು ಮನೆ ತಲೆಕೆಳಗು ಮಾಡಿ, ಕೂಗಾಡಿ, ಕೊನೆಗೆ "ನಾ ಮೊದಲ ಹೇಳಿದ್ನಿಲ್ಲ?" ಎಂದು ಗುಡುಗಿದೆ. ಐವರೂ ಚಪ್ಪಾಳೆ ತಟ್ಟಿದರು. ನೀಲಾಳ ಮುಖದಲ್ಲಿ ಕಳೆ ಬಂದಿತ್ತು.

ಹುಕ್ಕೇರಿಯಲ್ಲಿ ಅಂದು ಸಂತೆ. ಆ ಚಿಕ್ಕ ಸಭಾಗೃಹದಲ್ಲಿ ತರಕಾರಿ ಚೀಲಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡೇ ಜನ ಕೂತಿದ್ದರು. ನೀಲಾ ಕೈ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಇಡುವುದರಲ್ಲಿ ನಗು ಎದ್ದಿತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಬರೆಯುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡರು. ನಾಟಕಕ್ಕೆ ಮೊದಲ ಬಹುಮಾನ. ಪುರುಷ ಪಾತ್ರದ ಅತ್ಯುತ್ತಮ ಅಭಿನಯಕ್ಕೆ ನೀಲಾಗೆ ಪ್ರತ್ಯೇಕ ಬಹುಮಾನ. ಅದೇ ಧೋತರದಲ್ಲಿ, ಅರ್ಧ ಕಿತ್ತ ಮೀಸೆಯಲ್ಲಿ ಅವಳು ಫಲಕ ಎತ್ತಿ ಹಿಡಿದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದೆ. ನನ್ನ ಸ್ವಭಾವದಿಂದ ಈ ಜಗತ್ತಿಗೆ ಒಂದು ಉಪಯೋಗವಾಗಿತ್ತು.

ಆಮೇಲೆ ಬಸ್ ನಿಲ್ದಾಣದಲ್ಲಿ, ಧೋತರ ಬಿಚ್ಚಿ ಸೀರೆ ಉಟ್ಟಿದ್ದ ನೀಲಾ ಹಿಂದೆ ಬರುತ್ತಿದ್ದಳು. ನಾನು ಕೈ ಹಿಂದೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದೆ. ನಾಟಕ ನೋಡಿ ಬಂದಿದ್ದ ಒಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆ ಅಕ್ಕಾರ ನಕಲು ಮಾಡಾಕತ್ತೀರಲ್ಲ?"

ನಾನು ಬೇಗನೆ ಕೈ ಬಿಚ್ಚಿ ಮುಂದೆ ತಂದೆ.

"ಪ್ರಯತ್ನ ಛಲೋ ಐತ್ರಿ. ಆದ್ರ ನಿಮಗ ಬರಂಗಿಲ್ಲ ಬಿಡ್ರಿ. ಅವರದು ನೋಡಿದ್ರ ಖರೇ ಗಂಡ ಅನಸ್ತೈತಿ. ನಿಮ್ಮದು ಸ್ವಲ್ಪ ಜಾಸ್ತಿ ಆತು" ಎಂದು ಹೇಳಿ ಅವರು ಬಸ್ಸು ಹತ್ತಿದರು.

ಹಿಂದೆಯೇ ಬಂದ ನೀಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ, ಬಹುಮಾನದ ಫಲಕವನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

"ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮನಿಗೆ ನಡೀರಿ, ಕಲಿಸ್ತೇನಿ."

ತಾಲೀಮು ನಡೆದಿದೆ. ನನ್ನ ಪಾತ್ರ ನನಗೆ ಇನ್ನೂ ಸರಿಯಾಗಿ ಬರುತ್ತಿಲ್ಲ.