ದೊಡ್ಡಪ್ಪನನ್ನು ಬಗ್ಗಿಯಲ್ಲಿ ಕರೆದೊಯ್ದದ್ದು

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿರುವ ನಮ್ಮ ದ್ರಾಕ್ಷಿ ತೋಟದ ಕೆಲಸಕ್ಕೆ ನಾನೊಂದು ಸೈಡ್-ಬೈ-ಸೈಡ್ ಗಾಡಿ ಇಟ್ಟುಕೊಂಡಿದ್ದೇನೆ. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ತಂದದ್ದು. ಅಕ್ಕಪಕ್ಕ ಎರಡು ಸೀಟು, ಹಿಂದೆ ಸಾಮಾನು ತುಂಬುವ ತೊಟ್ಟಿ, ಉಬ್ಬಿದ ಟೈರು, ಬಾಗಿಲಿಲ್ಲ. ಊರಿನವರು ಬಗ್ಗಿ ಅನ್ನುತ್ತಾರೆ. ಗೊಬ್ಬರ, ಹಣ್ಣಿನ ಕ್ರೇಟು, ಔಷಧಿ ಡ್ರಮ್ಮು, ಏನು ಹೇರಿದರೂ ಒಯ್ಯುತ್ತಿತ್ತು. ಇದು ಒಯ್ಯಲಾಗದ ವಸ್ತು ಭೂಮಿಯ ಮೇಲೆ ಇಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೆ.

ಆಗ ದೊಡ್ಡಪ್ಪ ತೀರಿಕೊಂಡರು.

ನನ್ನ ತಂದೆಯ ಅಣ್ಣ. ತಂದೆ ಹೋದ ಮೇಲೆ ನನಗೆ ಆ ಜಾಗದಲ್ಲಿ ನಿಂತವರು. ಮೇಲಿನ ಹೊಲದಲ್ಲಿ, ದೊಡ್ಡಮ್ಮನ ಪಕ್ಕದಲ್ಲೇ ತಮ್ಮನ್ನೂ ಮಣ್ಣು ಮಾಡಬೇಕು ಎಂದು ಹೇಳಿದ್ದರು. ಹಿಂದಿನ ದಿನ ಜೋರು ಮಳೆಯಾಗಿ ಆ ಏರು ದಾರಿಯೆಲ್ಲ ಕೆಸರಾಗಿತ್ತು. ಹೆಗಲು ಕೊಟ್ಟವರು ಜಾರಿದರೆ ಏನು ಗತಿ ಎಂದು ಹಿರಿಯರು ಯೋಚಿಸುತ್ತಿದ್ದಾಗ ನಾನು ಎದ್ದು ನಿಂತೆ.

"ನನ್ನ ಬಗ್ಗಿ ಇದೆಯಲ್ಲ. ನಾನು ಕರ್ಕೊಂಡೋಗ್ತೀನಿ."

ದೊಡ್ಡಪ್ಪನ ಮಗ ನಂಜುಂಡ ಅತ್ತು ಸೋತಿದ್ದ. "ಆಗುತ್ತೇನೋ?" ಅಂದ.

"ನಾಲ್ಕು ಚಕ್ರಕ್ಕೂ ಎಳೆತ ಇದೆ ಕಣೋ. ಬೆಟ್ಟಾನೇ ಹತ್ತುತ್ತೆ."

ನನ್ನ ಹೆಂಡತಿ ಸುಶೀಲ ಪಕ್ಕಕ್ಕೆ ಕರೆದಳು. "ಹೊರೋಕೆ ಜನ ಇದಾರೆ. ನೀವು ಸುಮ್ನಿರಿ."

ಸಾವಿನ ಮನೆಯಲ್ಲಿ ಹೆಂಡತಿಯ ಜೊತೆ ವಾದಕ್ಕಿಳಿಯುವುದು ಸಭ್ಯತೆಯಲ್ಲ. ಆದ್ದರಿಂದ ವಾದ ಮಾಡದೆ ಹೋಗಿ ಗಾಡಿ ತಂದೆ.

ಗಾಡಿ ತೊಳೆದು ಸೇವಂತಿಗೆ ಹಾರ ಹಾಕಿದ ಮೇಲೆ ಮೊದಲ ಸತ್ಯ ತಿಳಿಯಿತು. ದೊಡ್ಡಪ್ಪ ಎತ್ತರದ ಆಳು, ತೊಟ್ಟಿ ಗಿಡ್ಡ. ಚಟ್ಟದ ಅರ್ಧ ಹೊರಗೇ ಉಳಿಯಿತು. ಹಿಂದಿನ ಹಲಗೆ ಇಳಿಸಿ, ಹಗ್ಗ ಕೈಗೆ ಸಿಗದೆ, ಹನಿ ನೀರಾವರಿಯ ಪೈಪಿನಲ್ಲಿ ಬಿಗಿದು ಕಟ್ಟಿದೆ. ಭದ್ರವಾಗಿದೆ ಎಂದು ನಾನೇ ಘೋಷಿಸಿದೆ.

ಮುಂದೆ ತಮಟೆಯವರು, ನಡುವೆ ನಾನು, ಹಿಂದೆ ನಂಜುಂಡ ಮತ್ತು ಜನ. ಏರಿನ ಅರ್ಧದಲ್ಲಿ ಚಕ್ರ ನಿಂತಲ್ಲೇ ತಿರುಗತೊಡಗಿತು. ಆಕ್ಸಿಲರೇಟರ್ ತುಳಿದೆ. ಹಿಂದಿದ್ದವರ ಬಿಳಿ ಪಂಚೆಗಳಿಗೆಲ್ಲ ಕೆಸರು ಎರಚಿತು. ತಮಟೆ ನಿಂತಿತು.

"ಗಾಬರಿಯಾಗ್ಬೇಡಿ, ನಾಲ್ಕು ಚಕ್ರದ್ದು ಹಾಕ್ತೀನಿ" ಎಂದು ಸ್ಟೀರಿಂಗ್ ಪಕ್ಕದ ಗುಂಡಿ ಒತ್ತಿದೆ. ಅಲ್ಲಿ ಎರಡು ಗುಂಡಿಗಳಿವೆ, ಎರಡರ ಮೇಲಿನ ಗುರುತೂ ಅಳಿಸಿಹೋಗಿದೆ. ಒಂದು ನಾಲ್ಕು ಚಕ್ರಕ್ಕೆ. ಇನ್ನೊಂದು, ಗೊಬ್ಬರ ಸುರಿಯುವಾಗ ತೊಟ್ಟಿಯನ್ನು ಮೇಲೆತ್ತುವುದಕ್ಕೆ.

ತೊಟ್ಟಿ ಮೆಲ್ಲಗೆ ಎದ್ದಿತು.

ಹಿಂದಿನಿಂದ ನಂಜುಂಡ ಕೂಗುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಅವನು ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ. ಅವನು ಹೇಳುತ್ತಿದ್ದುದು ಬೇರೆ. "ನಿಲ್ಸಲೇ, ಅಪ್ಪ ಜಾರ್ತಾವ್ರೆ!"

ತಿರುಗಿ ನೋಡುವಷ್ಟರಲ್ಲಿ ಪೈಪು ಸಡಿಲವಾಗಿತ್ತು. ಪುಣ್ಯಕ್ಕೆ ಹಿಂದಿದ್ದವರು ಕೈಚಾಚಿ ಚಟ್ಟವನ್ನು ಹಿಡಿದರು. ನೆಲಕ್ಕೆ ತಾಗಗೊಡಲಿಲ್ಲ. ಹಾಗೆಯೇ ಹೆಗಲಿಗೇರಿಸಿ, ಗಾಡಿಯ ಪಕ್ಕದಿಂದ ಸುತ್ತಿ ಬೇಲಿ ಮುಳ್ಳಿನ ನಡುವೆ ನಡೆದರು. ನನಗೆ ಕಷ್ಟವಾದದ್ದೆಂದರೆ, ಮೇಲೆ ತಲುಪುವವರೆಗೆ ಅವರಲ್ಲಿ ಒಬ್ಬರೂ ಜಾರಲಿಲ್ಲ.

ಇಳಿದು ಅವರ ಹಿಂದೆ ಓಡೋಣವೆಂದರೆ ಗಾಡಿ ಹಿಂದಕ್ಕೆ ಸರಿಯತೊಡಗಿತು. ಹ್ಯಾಂಡ್‌ಬ್ರೇಕ್ ಹಿಡಿಯಲಿಲ್ಲ. ಕೆಳಗೆ ಕೋಲೂರಿಕೊಂಡು ಮುದುಕರು ಹತ್ತಿ ಬರುತ್ತಿದ್ದರು. ಬ್ರೇಕಿನ ಮೇಲಿಂದ ಕಾಲು ತೆಗೆಯುವ ಹಾಗಿರಲಿಲ್ಲ. ಮೇಲೆ ತಮಟೆ ಮತ್ತೆ ಶುರುವಾಯಿತು, ಸ್ವಲ್ಪ ಹೊತ್ತಿಗೆ ನಿಂತಿತು. ನನ್ನನ್ನು ಸಾಕಿದ ಮನುಷ್ಯನಿಗೆ ಎಲ್ಲರೂ ಮಣ್ಣು ಹಾಕುವಾಗ ನಾನು ಬ್ರೇಕ್ ಹಾಕಿಕೊಂಡು ಕೂತಿದ್ದೆ.

ಇಳಿದು ಬಂದ ನಂಜುಂಡ ನನ್ನ ಮುಖ ನೋಡಲಿಲ್ಲ. ಚಕ್ರಗಳ ಹಿಂದೆ ಕಲ್ಲು ಕೊಟ್ಟ.

"ಇಳಿ. ಹೋಗಿ ಒಂದು ಹಿಡಿ ಹಾಕ್ಬಿಟ್ಟು ಬಾ. ನಾನಿಲ್ಲೇ ಇರ್ತೀನಿ."

ಗುಣಿ ಮುಚ್ಚಿಯಾಗಿತ್ತು. ಗುಡ್ಡೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅಂದು ಮೊದಲ ಸಲ ಅತ್ತೆ.

ಮನೆಯಲ್ಲಿ ಸುಶೀಲ ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು. "ಹೋಗ್ಲಿ ಬಿಡಿ. ದೊಡ್ಡಮಾವ ಇದ್ದಿದ್ರೆ ನಕ್ಕುಬಿಡ್ತಿದ್ರು" ಅಂದಳು. ದೊಡ್ಡಪ್ಪ ನಗುವವರ ಪೈಕಿಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಈಗ ಊರಿನಲ್ಲಿ ಯಾರು ತೀರಿಕೊಂಡರೂ ನನಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಸಾಮಾನ್ಯವಾಗಿ, ಮಣ್ಣು ಮಾಡಿ ಬಂದ ಮೇಲೆ.