ಮನೆಮಾವ

ಕಾರು ಅರ್ಧ ಏರು ಹತ್ತಿ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಮೆಲ್ಲಗೆ ದೇವರ ಹೆಸರು ಹೇಳತೊಡಗಿದರು. ಪಕ್ಕದಲ್ಲಿದ್ದ ಮಾವ, “ವ್ಯೂ ನೋಡಪ್ಪಾ, ವ್ಯೂ” ಎಂದರು. ನಾನು ವ್ಯೂ ನೋಡಲಿಲ್ಲ. ಬ್ರೇಕ್ ತುಳಿದುಕೊಂಡು ಕೂತಿದ್ದೆ. ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ, ಬೆಟ್ಟದ ನೆತ್ತಿಯ ಮೇಲೆ ಒಂದು ಮನೆ. ಮಾವ ರಿಟೈರ್ ಆಗಿ ಇರುವುದಕ್ಕೆ ಆ ಮನೆ ಕೊಳ್ಳಬೇಕು, ನಾನು ನನ್ನ ಮಂಚಕ್ಕೆ ವಾಪಸು ಹೋಗಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮಂಚದ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಯಾಕೆ ಬೆಟ್ಟ ಹತ್ತುತ್ತಿದ್ದೆ ಎಂದು ನಿಮಗೆ ತಿಳಿಯುವುದಿಲ್ಲ. ಮನೆಅಳಿಯ ಎಂದರೆ ಎಲ್ಲರಿಗೂ ಗೊತ್ತು. ಮಾವನ ಮನೆಯಲ್ಲಿ ಉಂಡುಕೊಂಡು ಬಿದ್ದಿರುವವನು, ಜನ ಅವನನ್ನು ನೋಡಿ ನಗುತ್ತಾರೆ. ಮನೆಮಾವ ಎಂದರೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅಂಥವರು ಇರಲಿಲ್ಲ. ನಮ್ಮ ಮಾವನೇ ಮೊದಲನೆಯವರು. ಜನ ಮಾತ್ರ ಈಗಲೂ ಅಳಿಯನನ್ನೇ ನೋಡಿ ನಗುತ್ತಾರೆ.

ಮಾವ ವಾಷಿಂಗ್ಟನ್ ಹತ್ತಿರದ ರಾಕ್‌ವಿಲ್‌ನಲ್ಲಿ ಡಾಕ್ಟರಾಗಿದ್ದವರು. ಆಪರೇಷನ್ನಿಗೆ ಮುಂಚೆ ಜನರಿಗೆ ಮತ್ತು ಬರಿಸುವ ಡಾಕ್ಟರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಮೈಸೂರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಅವರ ಮಗಳು ಸುಮಾ ಒಂದು ವರ್ಷ ಮೈಸೂರಿಗೆ ಓದಲು ಬಂದಳು, ಸ್ಕೂಟರ್ ಕೆಡಿಸಿಕೊಂಡಳು, ನಾನು ಸರಿ ಮಾಡಿಕೊಟ್ಟೆ, ಮದುವೆಯಾಯಿತು. ಇದರಲ್ಲಿ ಉದ್ದ ಮಾಡುವಂಥದ್ದು ಏನಿಲ್ಲ. ಈಗ ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿದ್ದೇವೆ. ಅವಳು ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಾಳೆ, ನಾನು ಕಾರು ರಿಪೇರಿಗೆ. ಮಾವ ನಾಲ್ಕು ಜನರ ಮುಂದೆ ನನ್ನನ್ನು ‘ಸುಮಾ ಹಸ್ಬೆಂಡ್’ ಎನ್ನುತ್ತಿದ್ದರು. ಅಳಿಯ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇರಲಿಲ್ಲ. ಇದಕ್ಕೆಲ್ಲ ನನಗೆ ಬೇಜಾರಿಲ್ಲ ಎಂದು ಸುಮಾಗೆ ಹೇಳಿದ್ದೇನೆ. ಬೇಜಾರಿದೆ.

ಕೊರೊನಾ ಕಾಲದಲ್ಲಿ ಮನೆಗಳಿಗೆ ಜನ ಮುಗಿಬಿದ್ದಾಗ ಮಾವ ರಾಕ್‌ವಿಲ್ ಮನೆ ಮಾರಿದರು. ಎಲ್ಲಿ ನೆಲೆಸುವುದು ಎಂದು ತೀರ್ಮಾನವಾಗುವ ತನಕ, ಒಂದೆರಡು ವಾರ, ನಮ್ಮಲ್ಲಿರುತ್ತೇವೆ ಎಂದು ಬಂದರು. ದೊಡ್ಡವರು, ಬೆಡ್‌ರೂಮ್ ಬಿಟ್ಟುಕೊಟ್ಟೆವು. ನಾವು ಬೇಸ್‌ಮೆಂಟಿನಲ್ಲಿ, ನೀರು ಕಾಯಿಸುವ ಹೀಟರ್ ಪಕ್ಕ ಹಾಸಿಗೆ ಹಾಕಿದೆವು. ಮೇಲೆ ಯಾರಾದರೂ ನಲ್ಲಿ ತಿರುಗಿಸಿದರೆ ಅದು ಗುರ್ರ್ ಎನ್ನುತ್ತದೆ. ಮಾವನಿಗೆ ಕೋಳಿ ಕೂಗುವ ಮುಂಚೆ ಸ್ನಾನ ಮಾಡುವ ಅಭ್ಯಾಸ. ಆ ಎರಡು ವಾರ ಮುಗಿದು ಎರಡು ವರ್ಷವಾಗಿತ್ತು.

ಮಾವನ ಮೊಣಕಾಲಿಗೆ ಒಣಹವೆ ಬೇಕು, ಅದಕ್ಕೆ ಮರುಭೂಮಿ. ಅತ್ತೆಗೆ ಸೆಕೆ ಆಗದು, ಅದಕ್ಕೆ ಬೆಟ್ಟ. ಮೊದಲು ಅರಿಜೋನಾದ ಟೂಸಾನ್‌ಗೆ ಹೋದೆವು. ಮನೆ ಚೆನ್ನಾಗಿತ್ತು. ಮುಂದೆ ಆಳೆತ್ತರ ಮೀರಿದ ಕಳ್ಳಿಗಿಡ, ಯಾರೋ ಪಿಸ್ತೂಲು ತೋರಿಸಿದ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ನಿಂತಿತ್ತು. ಅತ್ತೆಗೆ ಮನೆ ಮುಂದೆ ಕಳ್ಳಿ ಇರಕೂಡದು. ಕಡಿಸಿಕೊಡಿ ಎಂದು ಮನೆ ತೋರಿಸುವವನಿಗೆ ಹೇಳಿದರು. ಅವನು, ಕಡಿದರೆ ಕೇಸಾಗುತ್ತೆ, ಬೇಕಾದರೆ ಮನೆ ಕೆಡವಿಕೊಳ್ಳಿ ಎಂದ. ಅಲ್ಲಿಗೆ ಟೂಸಾನ್ ಮುಗಿಯಿತು. ಆಮೇಲೆ ನ್ಯೂ ಮೆಕ್ಸಿಕೋದ ಸಾಂಟಾ ಫೆ. ಅಲ್ಲಿ ಮರುಭೂಮಿಯೂ ಉಂಟು, ಬೆಟ್ಟವೂ ಉಂಟು. ನಾನೇ ಹುಡುಕಿದ್ದು, ಸ್ವಲ್ಪ ಜಂಬವೂ ಇತ್ತು. ಊರು ತುಂಬ ಎತ್ತರದಲ್ಲಿದೆ ಎಂದು ಮಾತ್ರ ನಾನು ನೋಡಿರಲಿಲ್ಲ. ಅತ್ತೆ ಇಟ್ಟ ಅನ್ನ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳು. ಊರಿಗೆಲ್ಲ ನಿದ್ದೆ ಬರಿಸಿದ ಮಾವ ತಾವೇ ಉಸಿರು ಸಾಲದೆ ಎದ್ದು ಕೂತರು. ನಾನೂ ಕೂತೆ. ಹೀಟರ್ ಇಲ್ಲದ ಕಡೆಯೂ ನನ್ನ ಹಣೆಯಲ್ಲಿ ನಿದ್ದೆ ಬರೆದಿರಲಿಲ್ಲ.

ಕೊನೆಗೆ ಮಾವ, ಮೊಣಕಾಲು ನೋಯುತ್ತಿದ್ದರೆ ನೋಯಲಿ ಎಂದು ಮರುಭೂಮಿ ಕೈಬಿಟ್ಟರು. ಹಾಗೆ ಆಶ್‌ವಿಲ್‌ಗೆ ಬಂದದ್ದು. ಕಾರನ್ನು ಹೇಗೋ ಮೇಲೆ ಹತ್ತಿಸಿದೆ. ಅತ್ತೆ ಅಡುಗೆಮನೆ ನೋಡಿ ತಲೆಯಾಡಿಸಿದರು. ಮಾವ ಕಿಟಕಿ ಹತ್ತಿರ ನಿಂತು ನೀಲಿ ಬೆಟ್ಟ ನೋಡಿದರು. ಇಬ್ಬರೂ ಒಂದೇ ಮನೆಯನ್ನು ಒಪ್ಪಿದ್ದು ಅದೇ ಮೊದಲು. ಮನೆ ತೋರಿಸುವ ಹೆಂಗಸು ಆಗಲೇ ಕೈ ಕುಲುಕಲು ಬಂದಿದ್ದಳು. ಆಗ ಮಾವ ನನ್ನ ಕಡೆ ತಿರುಗಿದರು.

“ನಾಗೇಶ್, ನೀನೇನಂತೀಯಾ?”

ಮದುವೆಯಾದಾಗಿನಿಂದ ಅವರು ನನ್ನನ್ನು ಒಂದು ಮಾತು ಕೇಳಿದವರಲ್ಲ. ಚೆನ್ನಾಗಿದೆ ಮಾವ ಎಂದರೆ ಮುಗಿಯುತ್ತಿತ್ತು. ಹಾಗನ್ನುವುದಕ್ಕೆ ಬಾಯಿ ತೆರೆದೆ ಕೂಡ.

“ನಿಮಗೆ ಸಪಾಟು ಜಾಗದಲ್ಲೇ ರಿವರ್ಸ್ ಬರಲ್ಲ ಮಾವ. ನಮ್ಮನೆ ಮುಂದಿನ ಮೇಲ್‌ಬಾಕ್ಸ್ ಕಂಬ ಎರಡು ಸಲ ಬೀಳ್ಸಿದೀರ. ಇಲ್ಲಿ ಐಸ್ ಬಿದ್ದ ದಿನ ನೀವೂ ಅತ್ತೇನೂ ಸೀದಾ ಕೆಳಗಿನ ಮನೆಯೋರ ಹಾಲ್‌ನಲ್ಲಿರ್ತೀರ.”

ಮಾವ ಹೊರಗೆ ಹೋಗಿ ಇಳಿಜಾರಿನ ತುದಿಯಲ್ಲಿ ನಿಂತು ಕೆಳಗೆ ನೋಡಿದರು. ಬೈಸಿಕೊಳ್ಳುವುದಕ್ಕೆ ನಾನು ತಯಾರಾದೆ. ಅವರು ಒಳಗೆ ಬಂದು ಆ ಹೆಂಗಸಿಗೆ, “ಸಾರಿ. ಮೈ ಸನ್‌ ಇನ್‌ ಲಾ ಸೇಸ್ ನೋ” ಎಂದರು.

ಸನ್‌ ಇನ್‌ ಲಾ. ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಕಾರು ಹತ್ತುವ ಹೊತ್ತಿಗೆ ಮಂಚ ನೆನಪಾಯಿತು.

ವಾಪಸು ಬರುವಾಗ ಅತ್ತೆ ಹಿಂದಿನಿಂದ ಮುಂದಕ್ಕೆ ಬಗ್ಗಿ ಹೇಳಿದರು. “ನಾವು ನೋಡಿದ್ದು ಸಾಕಪ್ಪ. ಇನ್ಮೇಲೆ ನೀನೇ ಹೇಳು ಎಲ್ಲಿರೋದು ಅಂತ. ನೀನು ಹೇಳಿದ ಕಡೆ ಇರ್ತೀವಿ.”

ಟೂಸಾನ್ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಮಾವ ಬಾಯಿ ತೆರೆದುಕೊಂಡು, ನನ್ನ ಭುಜಕ್ಕೆ ತಲೆ ತಾಗಿಸಿಕೊಂಡು ನಿದ್ದೆ ಹೋಗಿದ್ದರು. ಸಾಂಟಾ ಫೆಯಲ್ಲಿ ಬರದ ನಿದ್ದೆ ಇಲ್ಲಿ ಬಂದಿತ್ತು. ಅವರು ಎದ್ದುಬಿಟ್ಟಾರೆಂದು ಮೆಲ್ಲಗೆ, “ನೋಡೋಣ ಅತ್ತೆ” ಎಂದೆ. ಅದನ್ನೇ ಅತ್ತೆ ಉತ್ತರ ಎಂದುಕೊಂಡರು.

ಮನೆಗೆ ಬಂದು ನಡೆದದ್ದು ಹೇಳಿದೆ. ಸುಮಾ ಹೀಟರ್ ಪಕ್ಕ ಹಾಸಿಗೆ ಮೇಲೆ ಕೂತಿದ್ದಳು. “ಸೀರಿಯಸ್ಲಿ? ನಿಜ ಹೇಳಕ್ಕೆ ನಿಂಗೆ ಬೇರೆ ದಿನ ಸಿಗ್ಲಿಲ್ವಾ?” ಎಂದಳು. ಹೀಟರ್ ಗುರ್ರ್ ಎಂದಿತು.

ಈಗ ಮಾವ ಸಿಕ್ಕವರಿಗೆಲ್ಲ, ನಮ್ಮ ಅಳಿಯನನ್ನು ಕೇಳದೆ ನಾವು ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತಾರೆ. ಎಲ್ಲಿಗೂ ಹೋಗುವುದೂ ಇಲ್ಲ. ಮೊನ್ನೆ ಶನಿವಾರ ರಿವರ್ಸ್ ತೆಗೆಯುವಾಗ ಮೇಲ್‌ಬಾಕ್ಸನ್ನು ಮತ್ತೆ ಬೀಳಿಸಿದರು. ಈ ಸಲ ಕಂಬಕ್ಕೆ ಸಿಮೆಂಟ್ ಹಾಕಿದ್ದೇನೆ. ಹೊಸ ಡಬ್ಬದ ಮೇಲೆ ಅವರ ಹೆಸರೂ ಇರಲಿ ಎಂದರು. ದೊಡ್ಡವರು, ಅವರದು ಮೇಲೆ, ನನ್ನದು ಕೆಳಗೆ ಬರೆಸಿದೆ. ನಾನು ಹೇಗೂ ಕೆಳಗೇ ಇರುವವನು. ಇನ್ನು ಹೇಳುವುದಕ್ಕೆ ಏನೂ ಇಲ್ಲ.